ಸೊಪ್ಪಿಗೆ ಹೊದಿಸಿದ ಗೋಣಿ

೩ ಆಗಸ್ಟ್ ೧೯೯೮, ಸೋಮವಾರ

ಮಲ್ಲಸಂದ್ರದಲ್ಲಿ ಉಣ್ಣೆ ನಿವಾರಣಾ ಶಿಬಿರ ಮುಗಿಯಿತು. ಇನ್ನೂರ ಹನ್ನೆರಡು ದನ, ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ. ಇಲಾಖೆ ಕೊಟ್ಟ ಗುರಿ ನೂರೈವತ್ತು. ಹೋಳೂರಿನ ಪಶು ಆಸ್ಪತ್ರೆಗೆ ವೈದ್ಯನಾಗಿ ಬಂದು ಮೂರು ವರ್ಷವಾಯಿತು. ಈ ಹೋಬಳಿಯಲ್ಲಿ ಒಂದು ಕೆಲಸ ಹೇಳಿದ ಹೊತ್ತಿಗೆ ಶುರುವಾಗಿ ಹೇಳಿದ ಹೊತ್ತಿಗೆ ಮುಗಿದದ್ದು ಇದೇ ಮೊದಲು.

ದನದ ರಕ್ತ ಹೀರುವ ಉಣ್ಣೆಗೆ ಔಷಧಿ ಬಂದಿತ್ತು, ಸಿಂಪಡಿಸುವ ಪಂಪು ಬಂದಿರಲಿಲ್ಲ. ಇಲಾಖೆಯ ಲೆಕ್ಕದಲ್ಲಿ ಔಷಧಿ ತಾನೇ ಎದ್ದು ದನದ ಮೈಮೇಲೆ ಹೋಗಿ ಕೂರುತ್ತದೆ. ಗೋಣಿಚೀಲವನ್ನು ಔಷಧಿ ನೀರಲ್ಲಿ ನೆನೆಸಿ ಮೈ ಒರೆಸುವ ಉಪಾಯ ನನ್ನದು. ಹನ್ನೆರಡು ಚೀಲ ದೊಡ್ಡವೆಂಕಟಮ್ಮನ ಮನೆಯಿಂದ ಸಿಕ್ಕವು. ಊರಲ್ಲಿ ಅವಳದೇ ದೊಡ್ಡ ಕೊಟ್ಟಿಗೆ, ಅವಳದೇ ದೊಡ್ಡ ರೇಷ್ಮೆ ಹುಳುಮನೆ. ಅವಳು ಹೂಂ ಎಂದರೆ ಊರು ಹೂಂ ಎಂದಂತೆ. ಮಗ ಮುನೇಶ್ ಬೆಳಗಿನಿಂದ ದನ ಹಿಡಿದು ನಿಂತ. ಸಂಜೆಯೊಳಗೆ ಉಣ್ಣೆ ಉದುರುತ್ತವೆ ಎಂದಿದ್ದೆ, ಮಧ್ಯಾಹ್ನಕ್ಕೇ ಉದುರತೊಡಗಿದವು. ಜನ ನನ್ನನ್ನು ನೋಡಿದ ರೀತಿ ಚೆನ್ನಾಗಿತ್ತು.

ಹೊರಡುವಾಗ ಅವಳ ಸೊಸೆ ಚೀಲಗಳನ್ನು ಎತ್ತಿಟ್ಟುಕೊಳ್ಳುತ್ತ ಕೇಳಿದಳು. "ಸಾರ್, ಹುಳ ದೊಡ್ಡವಾದ್ಮೇಲೆ ರಾಶಿ ಸೊಪ್ಪು ತಂದಿಡ್ತೀವಿ, ಬಾಡಬಾರ್ದು ಅಂತ ಇವನ್ನೇ ಒದ್ದೆ ಮಾಡಿ ಹೊದಿಸ್ತೀವಿ. ಏನೂ ಆಗಲ್ವಾ?"

"ತೊಳೆದು ಬಿಸಿಲಿಗೆ ಹಾಕಮ್ಮ, ಏನಾಗುತ್ತೆ" ಎಂದೆ.

ಮುಕ್ಕಾಲು ಬಕೆಟ್ ಔಷಧಿ ಮಿಕ್ಕಿತ್ತು. ಅಟೆಂಡರ್ ಗಂಗುಲಪ್ಪ ಅದನ್ನು ಊರಿನ ಸಣ್ಣ ಕೆರೆಯಾದ ಕುಂಟೆಗೆ ಸುರಿದು, ಅಲ್ಲೇ ಬಕೆಟ್ ತೊಳೆದುಕೊಂಡು ಬಂದ.

ಕೋಲಾರದ ಮನೆಗೆ ಬಂದಾಗ ನಾಲ್ಕು ಗಂಟೆ. ಹೆಂಡತಿ ಪ್ರಿಯಂವದಾ ಹೊರಗಾಗಿದ್ದಾಳೆ. ಸ್ಕೂಲಿನಿಂದ ಬಂದು ಜಗಲಿಯ ಕೋಣೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಇನ್ನು ಮೂರು ದಿನ ಅಮ್ಮನ ಅಡುಗೆ. ಸಾರಿಗೆ ಉಪ್ಪು ಕಡಿಮೆ.

೭ ಆಗಸ್ಟ್, ಶುಕ್ರವಾರ

ಜಿಲ್ಲಾ ಕಚೇರಿಯಲ್ಲಿ ತಿಂಗಳ ಸಭೆ. ಉಪನಿರ್ದೇಶಕರು ನನ್ನ ಶಿಬಿರದ ವರದಿಯನ್ನು ಎದ್ದು ನಿಂತು ಓದಿದರು. "ಪಂಪು ಇಲ್ಲ ಅಂತ ಕೂರೋರ ಮಧ್ಯೆ ಈ ಮುಕುಂದ್ ನೋಡ್ರಪ್ಪ, ಗೋಣಿಚೀಲದಲ್ಲಿ ಕೆಲಸ ತೆಗೆದಿದ್ದಾರೆ" ಎಂದರು. ಮುಳಬಾಗಿಲಿನ ಹುದ್ದೆ ಅಕ್ಟೋಬರಿನಲ್ಲಿ ಖಾಲಿಯಾಗುತ್ತದೆ, ಅದು ನನಗೇ ಎಂದು ಆಮೇಲೆ ಮೆಟ್ಟಿಲ ಬಳಿ ಹೇಳಿದರು.

ಅಮ್ಮನಿಗೆ ಹೇಳಿದೆ. ಅವಳು ಹುಟ್ಟಿದ ಊರು, ಮಠ ಹತ್ತಿರ, ನೆಂಟರೆಲ್ಲ ಅಲ್ಲೇ. ಅಮ್ಮ ದೇವರ ಮುಂದೆ ಎರಡು ದೀಪ ಹೆಚ್ಚಿಗೆ ಹಚ್ಚಿದಳು.

೧೨ ಆಗಸ್ಟ್, ಬುಧವಾರ

ಮುನೇಶನ ಹಸು ಕರು ಹಾಕಿತ್ತು, ಕಸ, ಅಂದರೆ ಮಾಸು, ಬಿದ್ದಿರಲಿಲ್ಲ. ಸ್ಕೂಟರಿನ ಹಿಂದೆ ಕೂತ ಗಂಗುಲಪ್ಪ ದಾರಿಯಲ್ಲೇ ಸುದ್ದಿ ಹೇಳಿದ.

"ದೊಡ್ಡವೆಂಕಟಮ್ಮನೋರ ಹುಳ ಎಲ್ಲಾ ಹೋಯ್ತು ಸಾರ್. ಒಂದು ತಟ್ಟೆನೂ ಉಳಿದಿಲ್ಲ. ನಾಲ್ಕನೇ ಜ್ವರ ಎದ್ದು ಚೆನ್ನಾಗಿ ಮೇಯ್ತಿದ್ವು, ಇನ್ನಾರು ದಿನಕ್ಕೆ ಗೂಡು ಕಟ್ಟೋಕೆ ಹಣ್ಣಾಗ್ತಿದ್ವು." ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ.

"ರೋಗವಾ?"

"ರೋಗ ಅಲ್ಲ ಸಾರ್. ಸೊಸೆ ಮುಟ್ಟಾಗಿದ್ಲಂತೆ. ಸೊಪ್ಪಿನ ಮಂಕರಿ ಹೊತ್ಕೊಂಡು ಹುಳುಮನೆಗೆ ಹೋಗಿದ್ದನ್ನ ಪಕ್ಕದ ಮನೆಯೋರು ನೋಡವ್ರೆ. ಹುಳ ದೇವ್ರಿದ್ದಂಗೆ ಅಲ್ವಾ ಸಾರ್, ತಡೆಯುತ್ತಾ?"

ಹಸುವಿನ ಕೆಲಸ ಮುಗಿಸಿ ಕೈ ತೊಳೆಯಲು ತಿಪ್ಪೆಯ ಕಡೆ ಹೋದೆ. ಸತ್ತ ಹುಳಗಳನ್ನು ಅಲ್ಲೇ ಸುರಿದಿದ್ದರು. ತಲೆ ಮೇಲೆತ್ತಿ ಹಿಂದಕ್ಕೆ ಬಾಗಿದ್ದವು. ಬಾಯಿಯಿಂದ ಹಸಿರು ರಸ ಕಾರಿದ್ದವು. ಮೈ ಕುಗ್ಗಿ ಅರ್ಧವಾಗಿತ್ತು. ಕೆಲವು ಇನ್ನೂ ನಡುಗುತ್ತಿದ್ದವು. ಹಾಲುತೊಂಡೆ ರೋಗ ಬಂದರೆ ಮೈ ಊದುತ್ತದೆ, ಸುಣ್ಣಕಟ್ಟು ಬಂದರೆ ಬೆಳ್ಳಗೆ ಗಟ್ಟಿಯಾಗುತ್ತದೆ. ಇದು ಎರಡೂ ಅಲ್ಲ.

ಕೊಟ್ಟಿಗೆಯ ಮೂಲೆಯಲ್ಲಿ ಆ ಸೊಸೆ ಕೂತಿದ್ದಳು. ಹೆಸರು ಆದಿಲಕ್ಷ್ಮಿಯಂತೆ. ನನ್ನನ್ನು ನೋಡಿ ಎದ್ದು ನಿಂತಳು.

ರೇಷ್ಮೆ ನನ್ನ ಇಲಾಖೆಯಲ್ಲ.

೧೩ ಆಗಸ್ಟ್, ಗುರುವಾರ

ಔಷಧಿಯ ಡಬ್ಬದೊಳಗೆ ಮಡಿಸಿಟ್ಟಿರುವ ಚೀಟಿಯನ್ನು ಬಿಡಿಸಿ ಓದಿದೆ. ಎಷ್ಟು ನೀರಿಗೆ ಎಷ್ಟು ಎಂಬುದನ್ನು ಬಿಟ್ಟು ಬೇರೇನನ್ನೂ ಇದುವರೆಗೆ ಓದಿರಲಿಲ್ಲ. ಕೊನೆಯ ಸಾಲು ಇರುವೆ ತಲೆಯಷ್ಟು ಅಕ್ಷರದಲ್ಲಿದೆ. ಮೀನು, ಜೇನು ಮತ್ತು ರೇಷ್ಮೆ ಹುಳುಗಳಿಗೆ ಅತ್ಯಂತ ವಿಷಕಾರಿ. ಮಿಕ್ಕ ದ್ರಾವಣವನ್ನು ಕೆರೆ ಕಾಲುವೆಗೆ ಸುರಿಯಬಾರದು.

ಚೀಲ ತೊಳೆದಿರುತ್ತಾರೆ. ಒಂದು ವಾರ ಕಳೆದಿದೆ. ಖಚಿತವಾಗಿ ಹೇಳಲು ಬರುವುದಿಲ್ಲ.

೧೭ ಆಗಸ್ಟ್, ಸೋಮವಾರ

ಮುನೇಶ್ ಕರುವಿಗೆ ಔಷಧಿ ತೆಗೆದುಕೊಳ್ಳಲು ಬಂದಿದ್ದ. ಹೆಂಡತಿಯನ್ನು ತವರಿಗೆ ಬಿಟ್ಟು ಬಂದನಂತೆ. ಶ್ರೀನಿವಾಸಪುರದಾಚೆ ಒಂದು ಹಳ್ಳಿ. ಗೌರಿ ಹಬ್ಬಕ್ಕೆ ಕಳಿಸಿದ್ದೇವೆ ಎಂದು ಹೊರಗಿನವರಿಗೆ ಹೇಳುತ್ತಾರೆ, ಹಬ್ಬಕ್ಕೆ ಇನ್ನೂ ವಾರವಿದೆ.

"ಯಾವಾಗ ಕರ್ಕೊಂಡು ಬರ್ತೀಯ?" ಎಂದೆ.

"ನಂಗೇನೂ ಇಲ್ಲ ಸಾರ್. ಊರಲ್ಲಿ ಎಲ್ಲಾರ ಮನೇಲೂ ಹುಳ ಐತೆ. ಅವ್ಳು ನಮ್ಮ ಬೀದೀಲಿ ಓಡಾಡೋದು ಬೇಡ ಅಂತವ್ರೆ. ಅಮ್ಮ ಒಂದು ಮಾತೂ ಆಡ್ತಿಲ್ಲ." ಔಷಧಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ, "ಬೇರೆ ಹೆಣ್ಣು ನೋಡು ಅಂತಾನೂ ಅಂತವ್ರೆ" ಎಂದ.

ಆಗ ಹೇಳಬಹುದಿತ್ತು. ಮೇಜಿನ ಆಚೆ ಅವನು, ಈಚೆ ನಾನು, ಗಂಗುಲಪ್ಪ ಚಹಾ ತರಲು ಹೋಗಿದ್ದ. ನಾನು ಹೇಳಿದ್ದು ಇಷ್ಟು: "ಮುಂದಿನ ಬೆಳೆಗೆ ಆ ಹಳೇ ಗೋಣಿ ಬಳಸಬೇಡ. ಹೊಸದು ತಗೋ. ಹಳೇದು ಕೊಳೆ ಆಗಿರುತ್ತೆ."

"ಆಯ್ತು ಸಾರ್" ಎಂದು ಕೈ ಮುಗಿದು ಹೋದ.

ಮುಂದಿನ ಬೆಳೆಗೆ ತೊಂದರೆಯಾಗುವುದಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು.

೨೨ ಆಗಸ್ಟ್, ಶನಿವಾರ

ಎಮ್ಮೆ ಒಂದು, ಆಡು ನಾಲ್ಕು, ನಾಯಿ ಒಂದು. ಮಳೆ.

೨೮ ಆಗಸ್ಟ್, ಶುಕ್ರವಾರ

ಶಿಬಿರವನ್ನು ಇನ್ನೂ ಮೂರು ಊರಲ್ಲಿ ಮಾಡಬೇಕೆಂದು ಆದೇಶ ಬಂದಿದೆ, "ಮಲ್ಲಸಂದ್ರದ ಮಾದರಿಯಲ್ಲಿ". ನಾನು ತಿರುಗಿ ಬರೆದೆ. ರೈತರ ಮನೆಯ ಚೀಲ ಬೇಡ, ಇಲಾಖೆಯಿಂದಲೇ ಬಟ್ಟೆ ಬೇಕು. ಒಮ್ಮೆ ಬಳಸಿ ಸುಡಬೇಕು. ಎಲ್ಲ ದನಕ್ಕೂ ಹಚ್ಚುವುದು ಬೇಡ, ಉಣ್ಣೆ ಹೆಚ್ಚಿರುವ ದನಕ್ಕೆ ಸಾಕು. ಒಂದೆರಡು ಇದ್ದರೆ ಕೈಯಲ್ಲಿ ಕಿತ್ತರೆ ಆಯಿತು, ಕೊಟ್ಟಿಗೆಯಲ್ಲಿ ನಾಲ್ಕು ಕೋಳಿ ಇದ್ದರೆ ಅವೇ ಹೆಕ್ಕುತ್ತವೆ.

ಗಂಗುಲಪ್ಪನ ಕೈಯಲ್ಲಿ ಆಸ್ಪತ್ರೆಯ ಹಿಂದೆ ಒಂದು ಆಳದ ಗುಂಡಿ ತೋಡಿಸಿದೆ, ಮಿಕ್ಕ ಔಷಧಿ ಸುರಿಯಲು. ಬಾವಿಯಿಂದ ದೂರ ಇರಲಿ ಎಂದು ಅಳೆದು ಜಾಗ ತೋರಿಸಿದೆ.

"ಇಷ್ಟು ವರ್ಷ ಕುಂಟೆಗೇ ಸುರೀತಿದ್ವಲ್ಲ ಸಾರ್, ಈಗೇನು ಬಂತು?" ಎಂದ. ಮೊದಲೇ ಅವನಿಗೆ ಸೊಂಟ ನೋವು.

"ಮಲ್ಲಸಂದ್ರದ ಕುಂಟೇಲಿ ಮೀನು ತೇಲಿತಾ?"

"ತೇಲ್ತು. ಶಿಬಿರ ಆದ ಮಾರನೇ ದಿನಾನೇ. ಕಪ್ಪೇನೂ ಸತ್ತಿದ್ವು. ನೀರು ಕೆಟ್ಟೋಗದೆ ಅಂದ್ರು." ಗುದ್ದಲಿ ನಿಲ್ಲಿಸಿ ನನ್ನನ್ನು ನೋಡಿದ. ಮತ್ತೆ ಏನೂ ಕೇಳದೆ ತೋಡಿದ.

೩೧ ಆಗಸ್ಟ್, ಸೋಮವಾರ

ಗಂಗುಲಪ್ಪನ ಮನೆಯಲ್ಲೂ ಹುಳ ಸಾಕುತ್ತಾರೆ. ನಾಲ್ಕನೇ ಜ್ವರ ಎದ್ದ ನೂರು ಹುಳ ಕೇಳಿ ತಂದೆ. ಎರಡು ರಟ್ಟಿನ ಪೆಟ್ಟಿಗೆ, ತಲಾ ಐವತ್ತು. ಒಂದರ ಸೊಪ್ಪನ್ನು ಸಾದಾ ಒದ್ದೆ ಬಟ್ಟೆಯಲ್ಲಿ ಮುಚ್ಚಿಡುವುದು. ಇನ್ನೊಂದರ ಸೊಪ್ಪಿಗೆ ಶಿಬಿರದ ದಿನ ನಮ್ಮ ಸಾಮಾನಿನಲ್ಲೇ ಉಳಿದಿದ್ದ ಗೋಣಿ ತುಂಡು. ಅದನ್ನು ನಾನೇ ಎರಡು ಸಲ ತೊಳೆದು ಬಿಸಿಲಿಗೆ ಹಾಕಿದೆ, ಆವತ್ತು ಹೇಳಿದಂತೆಯೇ.

ಅಮ್ಮ ಹುಳವನ್ನು ಒಳಗೆ ಬಿಡಲಿಲ್ಲ. ಗೋಣಿಯ ಪೆಟ್ಟಿಗೆಯನ್ನು ಸ್ಕೂಟರ್ ನಿಲ್ಲಿಸುವಲ್ಲಿಟ್ಟೆ. ಇನ್ನೊಂದಕ್ಕೆ ಜಗಲಿಯ ಕೋಣೆ ಬಿಟ್ಟರೆ ಜಾಗವಿರಲಿಲ್ಲ. ಅಲ್ಲಿ ಈ ದಿನದಿಂದ ಪ್ರಿಯಂವದಾ.

"ನನಗೂ ಒಂದು ಕೆಲಸ ಆಯ್ತು ಬಿಡಿ" ಎಂದಳು.

೨ ಸೆಪ್ಟೆಂಬರ್, ಬುಧವಾರ

ಗೋಣಿಯ ಪೆಟ್ಟಿಗೆ: ನಿನ್ನೆ ಮಧ್ಯಾಹ್ನ ಸೊಪ್ಪು ಹಾಕಿದ ಎರಡು ಗಂಟೆಗೆ ತಲೆ ಎತ್ತಿದವು, ಹಸಿರು ಕಾರಿದವು. ಈ ದಿನ ಬೆಳಿಗ್ಗೆ ಎಣಿಸಿದಾಗ ಐವತ್ತರಲ್ಲಿ ನಲವತ್ತೇಳು ಸತ್ತಿದ್ದವು. ತಿಪ್ಪೆಯ ಹತ್ತಿರ ನೋಡಿದ್ದೇ ಇದು.

ಇನ್ನೊಂದು ಪೆಟ್ಟಿಗೆ: ಐವತ್ತಕ್ಕೆ ಐವತ್ತೂ ಮೇಯುತ್ತಿವೆ. ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕಿದ್ದು, ಹಿಕ್ಕೆ ತೆಗೆದದ್ದು ಪ್ರಿಯಂವದಾ. ಅದು ನನ್ನ ಪ್ರಯೋಗದ ಭಾಗವಾಗಿರಲಿಲ್ಲ. ಆದರೂ ಬರೆದಿಡುತ್ತೇನೆ.

ಇನ್ನು ಖಚಿತವಿಲ್ಲ ಎನ್ನುವಂತಿಲ್ಲ.

೬ ಸೆಪ್ಟೆಂಬರ್, ಭಾನುವಾರ

ಮಲ್ಲಸಂದ್ರಕ್ಕೆ ಹೋಗಿ ಹೇಳಿಬಂದೆ.

ದೊಡ್ಡವೆಂಕಟಮ್ಮ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದಳು, ಮಂಡಿ ನೋವು. ಅಕ್ಕಪಕ್ಕದವರು ನಾಲ್ಕು ಜನ ಇದ್ದರು. ನಾನು ಮೊದಲೇ ಯೋಚಿಸಿದ್ದನ್ನು ಯೋಚಿಸಿದ ಕ್ರಮದಲ್ಲೇ ಹೇಳಿದೆ. ನಿಮ್ಮ ಹುಳ ಸತ್ತದ್ದು ನನ್ನ ಔಷಧಿಯಿಂದ. ಗೋಣಿಯಲ್ಲಿ ವಿಷ ಉಳಿದಿತ್ತು. ನಿಮ್ಮ ಸೊಸೆ ಕೇಳಿದ್ದಳು, ಏನೂ ಆಗಲ್ಲ ಎಂದವನು ನಾನು.

ದೊಡ್ಡವೆಂಕಟಮ್ಮ ತಲೆ ತಗ್ಗಿಸಿ ಕೇಳಿದಳು. ಪಕ್ಕದವನೊಬ್ಬ ನಕ್ಕ.

"ಸಾರ್ ದೊಡ್ಡ ಮನ್ಸು ನೋಡ್ರಪ್ಪ. ಆ ಹುಡ್ಗಿ ಸಂಸಾರ ಉಳೀಲಿ ಅಂತ ತಪ್ಪು ತಮ್ಮ ತಲೆ ಮೇಲೆ ಹಾಕ್ಕೊಂತವ್ರೆ. ಬ್ರಾಹ್ಮಣರಿಗೆ ಮುಟ್ಟು ಮೈಲಿಗೆ ನಮಗಿಂತ ಜಾಸ್ತಿ ಗೊತ್ತಲ್ವಾ, ಆದ್ರೂ ಹಿಂಗಂತವ್ರೆ."

"ಇಲ್ಲಪ್ಪ, ನಿಜ ಹೇಳ್ತಿದೀನಿ."

"ಅಲ್ಲ ಸಾರ್, ಈಗ ನೋಡಿ. ಅವ್ಳು ಹೋದ್ಮೇಲೆ ಇಟ್ಟಿರೋ ಹುಳ ಎಂಗವೆ. ನಾಲ್ಕನೇ ಜ್ವರ ಎಲ್ಲಾ ಒಂದೇ ಸಮ ಎದ್ದವೆ. ಔಷಧಿ ಆಗಿದ್ರೆ ಇವೂ ಸಾಯ್ಬೇಕಿತ್ತಲ್ವಾ?"

ಇವು ಸಾಯದಿರಲು ಕಾರಣ ನಾನು ಕೊಳ್ಳಲು ಹೇಳಿದ ಹೊಸ ಗೋಣಿ. ಅದನ್ನೂ ಹೇಳಿದೆ. ಅಷ್ಟು ಹೊತ್ತಿಗೆ ಯಾರೂ ಕೇಳುತ್ತಿರಲಿಲ್ಲ. ನನ್ನ ಒಳ್ಳೆಯತನದ ಬಗ್ಗೆ ಮಾತು ಶುರುವಾಗಿತ್ತು. ಬರುವಾಗ ಒಂದು ಕುಂಬಳಕಾಯಿ ಕೊಟ್ಟು ಕಳಿಸಿದರು.

ಆ ಹೊಸ ಗೋಣಿಯಿಂದ ಆದಿಲಕ್ಷ್ಮಿಯ ಮೇಲಿನ ಆರೋಪ ಇನ್ನಷ್ಟು ಗಟ್ಟಿಯಾಯಿತು. ಅದನ್ನು ಕೊಳ್ಳಲು ಹೇಳಿದ ದಿನ ಇದು ನನಗೆ ಹೊಳೆಯಲಿಲ್ಲ.

೯ ಸೆಪ್ಟೆಂಬರ್, ಬುಧವಾರ

ಕುಂಬಳಕಾಯಿ ಯಾರು ಕೊಟ್ಟರು ಎಂದು ಪ್ರಿಯಂವದಾ ಕೇಳಿದಳು. ಎಲ್ಲವನ್ನೂ ಹೇಳಿದೆ, ಮೊದಲಿನಿಂದ.

"ಹೇಳಿದ್ರಿ, ಅವರು ನಂಬಲಿಲ್ಲ. ನಿಮಗೆ ಬೇಜಾರಾಯ್ತೋ ಸಮಾಧಾನ ಆಯ್ತೋ?" ಎಂದಳು.

ಯೋಚಿಸಿ ಹೇಳುತ್ತೇನೆ ಎಂದೆ. ಇಲ್ಲಿ ಬರೆಯುವುದಕ್ಕೆ ಯೋಚನೆ ಬೇಕಿಲ್ಲ. ಸಮಾಧಾನವಾಯಿತು. ವಾಪಸ್ ಬರುವಾಗ ಸ್ಕೂಟರ್ ಮೇಲೆ ಶಿಳ್ಳೆ ಹೊಡೆದುಕೊಂಡು ಬಂದೆ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

"ಆ ಹುಡುಗಿಗೆ ಯಾರಾದರೂ ಹೇಳಿದ್ದಾರಾ?" ಎಂದು ಮತ್ತೆ ಕೇಳಿದಳು. ಅವಳಿಗೆ ಹೇಳಬೇಕೆಂದು ನನಗೆ ಅದುವರೆಗೆ ತೋಚಿರಲೇ ಇಲ್ಲ.

೧೯ ಸೆಪ್ಟೆಂಬರ್, ಶನಿವಾರ

ಮಲ್ಲಸಂದ್ರದಲ್ಲಿ ಬೆಳೆ ಚೆನ್ನಾಗಿ ಬಂದಿದೆ, ಗೂಡು ಬಿಡಿಸುತ್ತಿದ್ದಾರೆ. ಮುನೇಶನಿಗೆ ಬೇರೆ ಹೆಣ್ಣು ನೋಡಲು ಯಾರೋ ಬೇತಮಂಗಲದ ಕಡೆ ಹೋಗಿದ್ದಾರೆ ಎಂದು ಗಂಗುಲಪ್ಪ ಹೇಳಿದ. ಹೇಳಿ ಹೊರಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತ.

"ಸಾರ್, ಆ ನೂರು ಹುಳ ಯಾಕೆ ತಗೊಂಡ್ರಿ ಅಂತ ನಾನು ಕೇಳಿಲ್ಲ. ಗುಂಡಿ ಯಾಕೆ ಅಂತಾನೂ ಮತ್ತೆ ಕೇಳಿಲ್ಲ. ನಂಗೂ ಮಗಳವ್ಳೆ."

ಮಧ್ಯಾಹ್ನ ವರದಿ ಬರೆದೆ. ಉಪನಿರ್ದೇಶಕರಿಗೆ, ರೇಷ್ಮೆ ಇಲಾಖೆಗೆ ಪ್ರತಿ. ಶಿಬಿರದ ದಿನಾಂಕ, ಗೋಣಿಗೆ ಸಂಬಂಧಿಸಿ ನಾನು ಕೊಟ್ಟ ತಪ್ಪು ಸಲಹೆ, ಹುಳದ ನಷ್ಟ, ಕುಂಟೆಯ ಮೀನು, ಎರಡು ಪೆಟ್ಟಿಗೆಯ ಪ್ರಯೋಗ. ಒಂದೂವರೆ ಪುಟ. ಗಂಗುಲಪ್ಪನೇ ಅಂಚೆಗೆ ಹಾಕಿ ಬಂದ.

೨೪ ಸೆಪ್ಟೆಂಬರ್, ಗುರುವಾರ

ಉಪನಿರ್ದೇಶಕರು ಕರೆಸಿದ್ದರು. ಬಾಗಿಲು ಹಾಕಿಕೊಂಡು ಮಾತಾಡಿದರು.

"ಯಾರೂ ದೂರು ಕೊಟ್ಟಿಲ್ಲ. ಊರವರೇ ಬೇರೆ ಕಾರಣ ಹೇಳ್ತಿದ್ದಾರೆ. ನಿಮಗೆ ಯಾಕ್ರೀ ಇದು?"

"ಬೇರೆ ಕಾರಣಕ್ಕೆ ಒಬ್ಬಳು ಮನೆ ಬಿಟ್ಟಿದ್ದಾಳೆ ಸಾರ್."

"ಅದು ಅವರ ಮನೆ ವಿಷಯ. ಈ ಕಾಗದ ವಾಪಸ್ ತಗೊಂಡ್ರೆ ಮುಳಬಾಗಿಲು ನಿಮ್ಮದೇ. ಇಲ್ಲ ಅಂದ್ರೆ ನಾನು ಮೆಮೋ ಕೊಡಬೇಕಾಗುತ್ತೆ."

ಮೆಮೋ ತೆಗೆದುಕೊಂಡು ಬಂದೆ. ಅಮ್ಮನಿಗೆ ಮುಳಬಾಗಿಲು ಇಲ್ಲ ಎಂದೆ. ನವರಾತ್ರಿ, ಅಮ್ಮ ಪೂಜೆಗೆ ಕೂತಿದ್ದಳು. "ಯಾಕೋ?" ಎಂದಳು. "ತಪ್ಪು ಮಾಡಿದೀನಿ" ಎಂದೆ. ಮತ್ತೆ ಕೇಳಲಿಲ್ಲ, ಊಟಕ್ಕೂ ಕರೆಯಲಿಲ್ಲ. ಪ್ರಿಯಂವದಾ ಬಡಿಸಿದಳು.

೨೫ ಸೆಪ್ಟೆಂಬರ್, ಶುಕ್ರವಾರ

ಬೆಳಿಗ್ಗೆ ಆರೂವರೆಗೆ ಮಲ್ಲಸಂದ್ರದ ಹಾಲಿನ ಡೈರಿಯ ಮುಂದೆ ನಿಂತೆ. ಅಲ್ಲಿಗೆ ದಿನಕ್ಕೆರಡು ಹೊತ್ತು ಊರೆಲ್ಲ ಬರುತ್ತದೆ. ಆಸ್ಪತ್ರೆಯ ಮೊಹರು ಒತ್ತಿದ ವರದಿಯನ್ನು ಗಟ್ಟಿಯಾಗಿ ಓದಿದೆ. ಬಾಯಲ್ಲಿ ಹೇಳಿದರೆ ದೊಡ್ಡ ಮನಸ್ಸು, ಮೊಹರು ಇದ್ದರೆ ವಿಷಯ. ಈ ಸಲ ಯಾರೂ ನಗಲಿಲ್ಲ.

ದೊಡ್ಡವೆಂಕಟಮ್ಮ ಕೋಲೂರಿಕೊಂಡು ಮುಂದೆ ಬಂದರು. "ನಂಗೆ ಕಣ್ಣಲ್ಲಿ ಕಾಣ್ಬೇಕು" ಎಂದರು. ಎಲ್ಲರನ್ನೂ ಮನೆಗೆ ಕರೆದೊಯ್ದು ಅಟ್ಟದಿಂದ ಹಳೆಯ ಗೋಣಿ ಇಳಿಸಿದರು, ಒದ್ದೆ ಮಾಡಿ ಒಂದು ಹಿಡಿ ಸೊಪ್ಪಿಗೆ ಹೊದಿಸಿದರು, ಪಕ್ಕದ ಮನೆಯಿಂದ ಇಪ್ಪತ್ತು ಹುಳ ತರಿಸಿ ಮೊರದಲ್ಲಿ ಬಿಟ್ಟರು. ಹುಳಕ್ಕೆ ಸೊಪ್ಪು ಹಾಕಿದ್ದು ಮುನೇಶ್, ಸ್ನಾನ ಮಾಡಿಕೊಂಡು ಬಂದು. ಹೆಂಗಸರು ಯಾರೂ ಹತ್ತಿರ ಹೋಗಬೇಡಿ ಎಂದರು ದೊಡ್ಡವೆಂಕಟಮ್ಮ. ಎಲ್ಲರೂ ಮೊರದ ಸುತ್ತ ಕೂತೆವು. ನನಗೆ ಮಜ್ಜಿಗೆ ಕೊಟ್ಟರು. ಒಂಬತ್ತೂವರೆಗೆ ಮೊದಲನೆಯ ಹುಳ ತಲೆ ಎತ್ತಿತು. ಹನ್ನೊಂದಕ್ಕೆ ಎಲ್ಲ ಮುಗಿದಿತ್ತು.

ಆಮೇಲೆ ದೊಡ್ಡವೆಂಕಟಮ್ಮ ನನ್ನ ಕಡೆ ತಿರುಗಿದರು.

"ಹುಳ ಸತ್ತ ಮೇಲೆ ಒಂದು ತಿಂಗ್ಳು ಎಲ್ಲೋಗಿದ್ರಿ ಸಾರ್? ಓದ್ದೋರು ನೀವು. ಇಂಥದ್ದೇ ತಿಪ್ಪೇಲಿ ನೋಡಿದ್ರಲ್ಲ, ನಾನು ಇಲ್ಲೇ ಕೂತು ನಿಮ್ಮನ್ನೇ ನೋಡ್ತಿದ್ದೆ. ಆವತ್ತೇ ಹೇಳೋಕೆ ಬಾಯಿ ಇರ್ಲಿಲ್ವಾ? ಹಸೂಗೆ ಔಷಧಿ ಹಾಕೋಕೆ ಬಂದ್ರೋ, ನಮ್ಮನೆ ಒಡೆಯೋಕೆ ಬಂದ್ರೋ?"

ಹಾಗೇ ಬಹಳ ಹೊತ್ತು ಬೈದರು. ನಾನು ನಿಂತು ಕೇಳಿದೆ. ಇಷ್ಟು ದಿನದಲ್ಲಿ ಎದೆ ಸ್ವಲ್ಪ ಹಗುರಾದದ್ದು ಆಗಲೇ.

ಕೊನೆಗೆ "ಹೋಗಿ ಕರ್ಕೊಂಡು ಬನ್ರಿ. ಮುನೇಶನ್ನೂ ಕರ್ಕೊಂಡೋಗ್ರಿ. ನೀವೇ ಹೇಳ್ಬೇಕು ಅವ್ಳಿಗೆ" ಎಂದರು.

೨೭ ಸೆಪ್ಟೆಂಬರ್, ಭಾನುವಾರ

ಶ್ರೀನಿವಾಸಪುರ ದಾಟಿ ಎಂಟು ಕಿಲೋಮೀಟರ್. ಎರಡೂ ಕಡೆ ಮಾವಿನ ತೋಪು. ಮುನೇಶ್ ಸ್ಕೂಟರಿನ ಹಿಂದೆ ಕೂತಿದ್ದ. ಆದಿಲಕ್ಷ್ಮಿಯ ತಂದೆ ಸುಬ್ಬರಾಯಪ್ಪ ತೆಲುಗಿನವರು. "ರಂಡಿ ಸಾರ್, ಕೂಚೋಂಡಿ" ಎಂದು ನನಗೆ ಮಂಚ ತೋರಿಸಿದರು, ಅಳಿಯನಿಗೆ ಏನೂ ತೋರಿಸಲಿಲ್ಲ. ಅವನು ನಿಂತೇ ಇದ್ದ.

ಆದಿಲಕ್ಷ್ಮಿ ತೋಪಿನಿಂದ ಬಂದಳು. ತಲೆಯ ಮೇಲೆ ಸೌದೆ ಹೊರೆ. ಅದನ್ನು ಇಳಿಸಿದ ಮೇಲೆ ಹೇಳತೊಡಗಿದೆ. ಮೂರನೆಯ ಸಲ ಹೇಳುತ್ತಿದ್ದರೂ ಇದೇ ಎಲ್ಲಕ್ಕಿಂತ ಕಷ್ಟವಾಯಿತು.

"ಗೋಣಿ ಅಂತ ನಂಗೆ ಆವತ್ತೇ ಗೊತ್ತಾಯ್ತು ಸಾರ್" ಎಂದಳು.

"ಹೇಳಲಿಲ್ವಾ?"

"ಹೇಳ್ದೆ. ಡಾಕ್ಟ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ ಅಂದ್ರು. ನೀವು ಹಸೂಗೆ ಬಂದಾಗ ಎದ್ದು ನಿಂತ್ಕೊಂಡೆ. ನೀವಾದ್ರೂ ಕೇಳ್ತೀರ ಅಂತ."

ತಪ್ಪಾಯಿತು ಎಂದೆ. ಅವಳು ತಲೆಯಾಡಿಸಿದಳು, ಪರವಾಗಿಲ್ಲ ಎನ್ನಲಿಲ್ಲ.

ಮುನೇಶ್ ಆಗ ಬಾಯಿ ಬಿಟ್ಟ. "ಬಾ ಹೋಗೋಣ. ನಿಂದೇನೂ ತಪ್ಪಿಲ್ಲ ಅಂತ ಡಾಕ್ಟ್ರು ಊರ ಮುಂದೆ ಓದವ್ರೆ. ಅಮ್ಮಾನೇ ಕಳ್ಸವ್ಳೆ. ನೀನು ಮುಟ್ಟಾಗಿ ಹುಳುಮನೆಗೆ ಹೋಗಿದ್ದು ಆವತ್ತೊಂದು ದಿನ, ಏನೋ ಅವಸರಕ್ಕೆ, ಅದನ್ನ ಊರೋರು ಮರೀತಾರೆ."

"ಆವತ್ತೊಂದು ದಿನ ಅಲ್ಲ" ಎಂದಳು ಆದಿಲಕ್ಷ್ಮಿ.

ಮುನೇಶನಿಗೆ ಅರ್ಥವಾಗಲಿಲ್ಲ.

"ನಾಲ್ಕು ವರ್ಷದಿಂದ ಹೋಗ್ತಿದೀನಿ. ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕ್ಬೇಕು. ಅತ್ತೆಗೆ ಮಂಡಿ ಬಗ್ಗಲ್ಲ. ನೀನು ಸೊಪ್ಪು ತಂದು ಹಾಕಿ ಡೈರಿ ಅಂತ ಹೋದ್ರೆ ಸಂಜೆ. ನಾನು ಮೂರು ದಿನ ಹೊರಗೆ ಕೂತ್ರೆ ಹುಳ ಉಪವಾಸ ಇರ್ತವಾ? ಯಾರಿಗೂ ಹೇಳ್ದೆ ಹೋಗಿ ಹಾಕಿದೀನಿ. ಹದಿನೆಂಟು ಬೆಳೆ. ಹದಿನೆಂಟೂ ಚೆನ್ನಾಗಿ ಬಂದವೆ. ಆ ಗೂಡು ಮಾರಿ ಬಂದಿದ್ರಲ್ಲೇ ನೀವೆಲ್ಲ ಹಬ್ಬ ಮಾಡಿರೋದು."

ಸುಬ್ಬರಾಯಪ್ಪ ನೆಲ ನೋಡುತ್ತಿದ್ದರು. ಮುನೇಶ್ ಸ್ಕೂಟರಿನ ಕಡೆ ಎರಡು ಹೆಜ್ಜೆ ಹೋಗಿ ನಿಂತ.

ಅವಳು ನನ್ನ ಕಡೆ ತಿರುಗಿದಳು. "ನಿಮ್ಮ ಔಷಧಿ ಅಂತ ಗೊತ್ತಾಗಿದ್ದಕ್ಕೆ ನಾನು ಒಳ್ಳೇವ್ಳು ಸಾರ್. ನಾಳೆ ನಿಜವಾಗ್ಲೂ ರೋಗ ಬಂದು ಹುಳ ಹೋದ್ರೆ? ಮತ್ತೆ ನನ್ನನ್ನೇ ಕಳಿಸ್ತಾರೆ. ಇದನ್ನೂ ಬರೀರಿ. ಮೊಹರು ಹಾಕಿ, ಅದೇ ಡೈರಿ ಮುಂದೆ ಓದಿ. ನಾನು ಬಂದು ನಿಂತ್ಕೊಂಡು ಕೇಳ್ತೀನಿ. ಕೇಳಿ ಆಮೇಲೆ ಮನೆಗೆ ಹೋಗೋದೋ ವಾಪಸ್ ಬಸ್ಸು ಹತ್ತೋದೋ ನೋಡ್ತೀನಿ."

"ಎಲ್ಲರ ಮುಂದೆ ಓದಿದರೆ ನಿನಗೇ ಕಷ್ಟ ಆಗಬಹುದಮ್ಮ" ಎಂದೆ.

"ಈಗ ಸುಖವಾಗಿದೀನಾ?"

ನಾನು ಮುನೇಶನನ್ನು ನೋಡಿದೆ. ಅವನು ಸ್ಕೂಟರಿನ ಸೀಟಿನ ಮೇಲೆ ಕೈಯಿಟ್ಟು ನಿಂತಿದ್ದ. ತಿರುಗದೆಯೇ "ಬರೀರಿ ಸಾರ್" ಎಂದ.

೨೯ ಸೆಪ್ಟೆಂಬರ್, ಮಂಗಳವಾರ

ಪ್ರಿಯಂವದಾ ನಿನ್ನೆಯಿಂದ ಹೊರಗೆ. ಐದು ಗಂಟೆಗೇ ಎದ್ದು ಕಾಫಿ ಮಾಡಿ ಕೊಟ್ಟಳು, ಡಿಕಾಕ್ಷನ್ ಗಟ್ಟಿಯಾಗಿತ್ತು. ಮಬ್ಬಿನಲ್ಲೇ ಹೊರಟೆ.

ಡೈರಿಯ ಮುಂದೆ ಎಂದಿಗಿಂತ ಹೆಚ್ಚು ಜನ. ಆದಿಲಕ್ಷ್ಮಿ ಮೊದಲ ಬಸ್ಸಿಗೆ ತಂದೆಯ ಜೊತೆ ಬಂದು ಅರಳಿಮರದ ಪಕ್ಕ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಚೀಲ. ಯಾರೂ ಅವಳ ಹತ್ತಿರ ಹೋಗಿರಲಿಲ್ಲ. ಮುನೇಶ್ ಹೋಗಿ ಪಕ್ಕದಲ್ಲಿ ನಿಂತ.

ಓದಿದೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದಿದ್ದೆ. ಪ್ರಿಯಂವದಾ ಹೊರಗಾಗಿದ್ದಾಗ ಸಾಕಿದ ಐವತ್ತು ಹುಳದ ವಿಷಯವನ್ನೂ ಸೇರಿಸಿದ್ದೆ, ಹೆಸರು ಸಮೇತ, ನನ್ನ ಹೆಂಡತಿ ಎಂದು. ಇದಕ್ಕೆ ಅವಳ ಒಪ್ಪಿಗೆ ಕೇಳಿದಾಗ "ಅಮ್ಮನಿಗೆ ನಾನು ಹೇಳ್ಕೊತೀನಿ, ನೀವು ಓದಿ" ಎಂದಿದ್ದಳು. "ಹದಿನೆಂಟು ಬೆಳೆ" ಎಂಬಲ್ಲಿ ಜನರ ನಡುವೆ ಗುಸುಗುಸು ಎದ್ದಿತು. ಒಬ್ಬ "ನೋಡಿದ್ರಾ, ಒಪ್ಕೊಂಡವ್ಳೆ" ಎಂದ. ಇನ್ನೊಬ್ಬ ಹಾಲಿನ ಕ್ಯಾನನ್ನು ನೆಲಕ್ಕೆ ಕುಕ್ಕಿದ. ಸುಬ್ಬರಾಯಪ್ಪ ಮಗಳ ಭುಜ ಹಿಡಿದು ಬಸ್ಸಿನ ದಾರಿಯ ಕಡೆ ತಿರುಗಿಸಿದರು.

ಆಗ ದೊಡ್ಡವೆಂಕಟಮ್ಮ ಕೋಲೂರಿಕೊಂಡು ಎದ್ದರು.

"ಹದಿನೆಂಟಲ್ಲ ಸಾರ್, ಹತ್ತೊಂಬತ್ತು."

ಗುಸುಗುಸು ನಿಂತಿತು.

"ಮೊದಲ್ನೇದನ್ನ ಅವ್ಳು ಬಿಟ್ಟವ್ಳೆ. ಮದ್ವೆ ಆಗಿ ಬಂದ ವರ್ಷ, ಆಳು ಸಿಕ್ಲಿಲ್ಲ, ಹುಳ ಹಸ್ಕೊಂಡಿದ್ವು. ಆವತ್ತು ಹೋಗು ಒಳಗೆ, ಯಾರಿಗೂ ಹೇಳ್ಬೇಡ ಅಂತ ಕಳ್ಸಿದ್ದೇ ನಾನು. ಇವ್ಳು ಇಷ್ಟೆಲ್ಲ ಅನ್ನಿಸ್ಕೊಂಡ್ಳು, ನನ್ನ ಹೆಸ್ರು ಮಾತ್ರ ಎತ್ಲಿಲ್ಲ. ನಾನೂ ಬಾಯಿ ಮುಚ್ಕೊಂಡಿದ್ದೆ."

ಅಷ್ಟು ಹೇಳಿ, ಮಂಡಿ ನೋವಿನ ಕಾಲನ್ನು ಎಳೆದುಕೊಂಡು ಅರಳಿಮರದವರೆಗೂ ನಡೆದು, ಸೊಸೆಯ ಕೈಯಿಂದ ಚೀಲ ತೆಗೆದುಕೊಂಡು ಮನೆಯ ಕಡೆ ಹೊರಟರು. ಆದಿಲಕ್ಷ್ಮಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಓಡಿಹೋಗಿ ಅತ್ತೆಯ ಇನ್ನೊಂದು ಕೈ ಹಿಡಿದುಕೊಂಡಳು.

ಕಾಗದ ನನ್ನ ಕೈಯಲ್ಲೇ ಇತ್ತು. ಹದಿನೆಂಟನ್ನು ಹೊಡೆದು ಹತ್ತೊಂಬತ್ತು ಎಂದು ತಿದ್ದಿ, ಪಕ್ಕದಲ್ಲಿ ಸಹಿ ಮಾಡಿ, ಡೈರಿಯ ಗೋಡೆಗೆ ಅಂಟಿಸಿ ಬಂದೆ.